ಹೊಸಿಲ ಮೇಲೆ ಒಂದೇ ತೊಡಕು

೨೦೦೭ರ ಫೆಬ್ರವರಿ ಹದಿಮೂರು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಳತೊಟ್ಟಿಯೆಂಬ ನೀರಿನ ತೊಟ್ಟಿಯ ಮನೆಯಲ್ಲಿ ದಾನಮ್ಮನ ಕೈಯಿಂದ ಲಾಟೀನಿನ ಗಾಜೊಂದು ಒಡೆಯಿತು. ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಆ ಗಾಜಿನ ವಿಷಯದಲ್ಲಿ ಊರು ತೋರಿಸಿದ ಶ್ರದ್ಧೆಯಿಂದ. ಯಾವ ಕೈ, ಯಾವ ಬೆರಳು, ಗಾಜು ಹಳೆಯದೋ ಹೊಸದೋ, ಎಲ್ಲವೂ ಮಧ್ಯಾಹ್ನದೊಳಗೆ ಅರ್ಧ ಊರಿಗೆ ಗೊತ್ತಾಗಿತ್ತು. ಅದೇ ಲಾಟೀನಿನ ನೇರ ಕೆಳಗೆ, ಹೂಳುಗುಂಡಿಯ ಕತ್ತಲಲ್ಲಿ, ಓಬಳೇಶನೆಂಬ ತೂಬಿನವನು ಕಬ್ಬಿಣದ ಜಾಲರಿಯ ಅಡಿಗೆ ಎಡಗಾಲು ಸಿಕ್ಕಿಸಿಕೊಂಡು ಕೂತಿದ್ದಾನೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಾನು ಆ ಊರಿಗೆ ಹೋದದ್ದು ನೀರಿನ ತೂಬುಗಳನ್ನು ಕಂಪ್ಯೂಟರಿನಿಂದ ನಡೆಸುವ ಪ್ರೋಗ್ರಾಂ ಬರೆಯಲು. ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡಿಗೆಂದು ಪ್ರೋಗ್ರಾಮಿಂಗ್ ಕಲಿತಿದ್ದೆ. ಊರು ಒಂದು ಗುಡ್ಡದ ಒಂದೇ ಮಗ್ಗುಲಿಗೆ ಅಂಟಿಕೊಂಡಿದೆ. ಕೆಲಸ ಹೇಳುವವರ ಮನೆಗಳು ಮೇಲೆ, ಹೇಳಿಸಿಕೊಳ್ಳುವವರ ಮನೆಗಳು ಕೆಳಗೆ. ಪ್ರತಿ ಬೀದಿಯ ಎರಡು ಬದಿಗೂ ಕಲ್ಲು ಹಾಸಿದ ಕಾಲುವೆಗಳಿವೆ. ಎಡಗಡೆಯದರಲ್ಲಿ ನೀರು ಇಳಿಯುತ್ತದೆ. ಬಲಗಡೆಯದರಲ್ಲಿ ತೊಡಕು ಏರುತ್ತದೆ.

ಅಲ್ಲಿ ಕೈಗೆತ್ತಿಕೊಂಡ ಕೆಲಸ ನಡುವೆ ಕೆಟ್ಟರೆ ಕೆಲಸಗಾರನ ಅಂಗೈಯಿಂದ ಒಂದು ತೊಡಕು ಉದುರುತ್ತದೆ. ಬೇಲದ ಕಾಯಿಯಷ್ಟು ಗಾತ್ರ, ಅದೇ ಬೂದು ಬಣ್ಣ, ಮುಟ್ಟಿದರೆ ಬೆಚ್ಚಗೆ. ಅದು ಬಲಗಾಲುವೆಗೆ ಬಿದ್ದು, ಕೆಲಸ ಹೇಳಿದವರ ಮನೆಯ ಕಡೆಗೆ ಉರುಳುತ್ತಾ ಏರುತ್ತದೆ. ಎತ್ತಿ ಕಿವಿಗೆ ಹಿಡಿದರೆ ಏನು ಕೆಟ್ಟಿತೆಂದು, ಆಗ ಕೆಲಸಗಾರ ಏನೆಂದನೆಂದು ಕೇಳಿಸುತ್ತದೆ. ಪ್ರತಿ ಮನೆಯ ಬಾಗಿಲ ಪಕ್ಕ ಅದನ್ನು ಹಿಡಿಯಲು ಒಂದು ಗೂಡು, ಗೂಡಿನ ಮೇಲೆ ಯಾವ ಬಗೆಯದನ್ನು ಹಿಡಿಯಲಾಗುವುದೆಂಬ ಹಲಗೆ. ದರ್ಜಿಯೊಬ್ಬನ ಹಲಗೆಯಲ್ಲಿ ‘ಅಳತೆ ತಪ್ಪಿದ್ದು ಮಾತ್ರ, ಬಣ್ಣ ಬಿಟ್ಟದ್ದು ಮುಂದಿನ ಮನೆಗೆ’ ಎಂದಿತ್ತು. ಒಬ್ಬ ಅತ್ತೆಯ ಗೂಡಿನ ಮೇಲೆ ‘ಉಪ್ಪು ಹೆಚ್ಚಾದದ್ದು, ಉಪ್ಪು ಕಡಿಮೆಯಾದದ್ದು’ ಎಂದಷ್ಟೇ ಇತ್ತು. ಸೊಸೆಯ ಉಳಿದ ಕಷ್ಟಗಳೆಲ್ಲ ಅವರ ಬಾಗಿಲು ದಾಟಿ ಮೇಲಕ್ಕೆ ಹೋಗುತ್ತಿದ್ದವು. ನಾನಿದ್ದ ಬೀದಿಯಲ್ಲಿ ಒಬ್ಬರು ಬಂದದ್ದನ್ನೆಲ್ಲ ಹಿಡಿದು, ಕಿವಿಗೂ ಇಟ್ಟುಕೊಳ್ಳದೆ ಹಿತ್ತಲಿಗೆ ಎಸೆಯುತ್ತಿದ್ದರು. ಯಾರಿಗೂ ತೊಂದರೆ ಕೊಡದ ಮನುಷ್ಯ ಎಂದು ಅವರಿಗೆ ಒಳ್ಳೆಯ ಹೆಸರಿತ್ತು. ಒಂದು ದಿನ ಅವರ ಮನೆಯ ಮಾಡು ಕುಸಿದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವರು ಅವರೇ.

ಯಾರೂ ಹಿಡಿಯದ ತೊಡಕು ಗುಡ್ಡದ ನೆತ್ತಿಯ ಬಂಡೆಗೆ ತಾಗುತ್ತದೆ. ಆಗ ಊರು ನಿಲ್ಲುತ್ತದೆ. ಬೇಯುತ್ತಿದ್ದ ಅನ್ನ ಅರ್ಧಕ್ಕೆ, ಹೊಲಿಯುತ್ತಿದ್ದ ರವಿಕೆ ಅರ್ಧಕ್ಕೆ, ಹೇಳುತ್ತಿದ್ದ ಸುಳ್ಳು ಅರ್ಧಕ್ಕೆ; ಮರುದಿನ ಬೆಳಗ್ಗೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಹಾಗಾಗದಿರಲೆಂದು ಬಂಡೆಯ ಕೆಳಗೇ ಪುರಸಭೆ ಒಂದು ಕಟ್ಟಕಡೆಯ ಗೂಡನ್ನು ಕಟ್ಟಿಸಿತ್ತು. ಅದಕ್ಕೆ ಹಲಗೆಯಿಲ್ಲ, ಎಲ್ಲವನ್ನೂ ಹಿಡಿಯುತ್ತದೆ. ಅದರ ಅಧಿಕಾರಿ ವಿರೂಪಣ್ಣ. ತಮ್ಮ ಕಾಲದಲ್ಲಿ ಊರು ಒಮ್ಮೆಯೂ ನಿಂತಿಲ್ಲ ಎಂಬುದನ್ನು ಅವರು ಭೇಟಿಯಾದವರಿಗೆಲ್ಲ ಕುಶಲಪ್ರಶ್ನೆಗೂ ಮುಂಚೆ ತಿಳಿಸುತ್ತಿದ್ದರು.

ಬೇರೆ ಊರುಗಳಲ್ಲಿ ನಾನು ವಿದ್ಯಾರ್ಥಿಗಳಿಗೆ ಎಕ್ಸೆಪ್ಶನ್ ಎಂದರೇನೆಂದು ಗಂಟಲು ಒಣಗುವವರೆಗೆ ಹೇಳಿಕೊಟ್ಟಿದ್ದೇನೆ. ಪ್ರೋಗ್ರಾಮಿನಲ್ಲಿ ಒಂದು ಆಬ್ಜೆಕ್ಟ್, ಎಂದರೆ ಅದರದೊಂದು ಬಿಡಿಭಾಗ, ಇನ್ನೊಂದಕ್ಕೆ ಕೆಲಸ ಹೇಳುತ್ತದೆ, ಅದು ಮತ್ತೊಂದಕ್ಕೆ. ಕೆಳಗೆಲ್ಲೋ ಕೆಲಸ ಕೆಟ್ಟರೆ ಸುದ್ದಿಯು ಕೆಲಸ ಹೇಳಿದವರ ಕಡೆಗೆ ಏರುತ್ತಾ ಹೋಗುತ್ತದೆ, ಆ ಬಗೆಯದನ್ನು ಹಿಡಿಯಬಲ್ಲವರು ಹಿಡಿಯಬೇಕು, ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ನಿಂತೇಹೋಗುತ್ತದೆ. ನೀರು ಸರಬರಾಜಿನ ಮೇಲ್ವಿಚಾರಕ ಕಲ್ಮೇಶಪ್ಪನವರಿಗೆ ನಾನು ಇದನ್ನೆಲ್ಲ ಹಲಗೆಯ ಮೇಲೆ ಬರೆದು ವಿವರಿಸಿದಾಗ ಅವರು ಮರ್ಯಾದೆಯಿಂದ ಕೊನೆಯವರೆಗೂ ಕೇಳಿ, “ಅದ್ಸರಿ ಮೇಡಂ, ಇದ್ರಲ್ಲಿ ಹೊಸದೇನಿದೆ?” ಎಂದರು. ಆಮೇಲೆ, ಇನ್ನೂ ನಾನು ಹೇಳದಿದ್ದುದನ್ನು ತಾವೇ ಕೇಳಿದರು: “ಮುಚ್ಚೋರು ಯಾರು?”

ಮುಚ್ಚುವವರು ಆ ಊರಿನ ಇನ್ನೊಂದು ಪದ್ಧತಿ. ಯಾವುದೇ ಕೆಲಸ ಶುರು ಮಾಡುವ ಮುಂಚೆ ಅದನ್ನು ಕೊನೆಗೆ ಬಂದು ಮುಚ್ಚುವವರು ಯಾರೆಂದು ಹೆಸರಿಸಲೇಬೇಕು. ಕೆಲಸಗಾರ ತಾನು ತೆರೆದ, ಹಚ್ಚಿದ, ಎರವಲು ತಂದ ಪ್ರತಿಯೊಂದಕ್ಕೂ ಬಾಗಿಲಿಗೆ ತೂಗುಹಾಕಿದ ದಾರದಲ್ಲಿ ಒಂದು ಗಂಟು ಹಾಕುತ್ತಾನೆ. ಕೆಲಸ ಸುಗಮವಾಗಿ ಮುಗಿಯಲಿ, ಕೆಡಲಿ, ಮುಚ್ಚುವವರು ಬಂದು ಕೊನೆಯ ಗಂಟಿನಿಂದ ಬಿಚ್ಚುತ್ತಾ ಬರುತ್ತಾರೆ: ಕೊನೆಗೆ ತೆರೆದದ್ದು ಮೊದಲು ಮುಚ್ಚಬೇಕು, ಮೊದಲು ತೆರೆದದ್ದು ಕೊನೆಗೆ. ಕೆಲಸ ಕೆಟ್ಟಿದ್ದರೆ ಅವರು ಮುಚ್ಚಿ ಮುಗಿಸುವವರೆಗೆ ತೊಡಕು ಹೊಸಿಲ ಮೇಲಿನ ಕುಳಿಯಲ್ಲಿ ಕಾಯುತ್ತಿರುತ್ತದೆ, ಆಮೇಲಷ್ಟೇ ಕಾಲುವೆಗೆ ಇಳಿಯುತ್ತದೆ. ಒಂದೇ ನಿಷೇಧ. ಏನಾಯಿತೆಂದು ಮುಚ್ಚುವವರು ಕೇಳುವಂತಿಲ್ಲ, ತೊಡಕನ್ನು ಮುಟ್ಟುವಂತಿಲ್ಲ. ಮದುವೆಯಾದರೂ ಒಲೆ ಆರಿಸಬೇಕು, ಮದುವೆ ಮುರಿದರೂ ಒಲೆ ಆರಿಸಬೇಕು. ಕೇಳಿದರೆ ಕೈ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ನನ್ನ ಭಾಷೆಯಲ್ಲಿ ಇದಕ್ಕೆ ಫೈನಲಿ ಎನ್ನುತ್ತಾರೆ. ಕಲ್ಮೇಶಪ್ಪನವರು ನನ್ನ ಪ್ರೋಗ್ರಾಮಿಗೂ ಒಬ್ಬರನ್ನು ಹೆಸರಿಸಿದರು. ಅವಳೇ ದಾನಮ್ಮ.

ದಾನಮ್ಮನಿಗೆ ಐವತ್ತು ದಾಟಿತ್ತು. ಕೆಳತೊಟ್ಟಿಯ ಎದುರಿಗೇ ಮನೆ, ಕೆಳಬೀದಿಯವರಿಗೆಲ್ಲ ಅವಳು ಅತ್ತೆ. ತನ್ನ ಕೈಯಿಂದ ಈವರೆಗೆ ಒಂದು ತೊಡಕೂ ಬಿದ್ದಿಲ್ಲವೆಂಬ ಜಂಬ ಅವಳ ನಡಿಗೆಯಲ್ಲೇ ಇತ್ತು. ಹೆರಿಗೆ ಕೋಣೆಯ ಕಿಟಕಿಯಿಂದ ಹಿಡಿದು ವ್ಯಾಜ್ಯದ ಪಂಚಾಯ್ತಿ ಚಾಪೆಯವರೆಗೆ ಎಲ್ಲವನ್ನೂ ಮುಚ್ಚಿ, ಮಡಚಿ, ಒಡೆಯರಿಗೆ ಹಿಂದಿರುಗಿಸಿದ್ದಳು. ಹೆರಿಗೆಗಳಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೂಡ ಅವಳು ಕೇಳಿದವಳಲ್ಲ. ಒಮ್ಮೆ ನಾನು ಕಂಪ್ಯೂಟರು ಕೆಟ್ಟು ಕಂಗಾಲಾಗಿ ಅವಳಿಗೆ ಕತೆ ಹೇಳಹೊರಟಾಗ ಕೈ ಅಡ್ಡ ಹಿಡಿದು, “ನಾ ಬಂದಿದ್ದು ಮುಚ್ಚೋಕೆ ಮೇಡಮ್ಮ, ಕೇಳೋಕಲ್ಲ. ಕತೆ ಮೇಲಿನೋರಿಗೆ ಹೇಳಿ” ಎಂದು ಫ್ಯಾನು ಆರಿಸಿ ಹೋಗಿದ್ದಳು.

ಆ ಮಂಗಳವಾರದ ಕೆಲಸ ಇಷ್ಟು: ಕೆಳತೊಟ್ಟಿಯನ್ನು ಬರಿದು ಮಾಡಿ, ಅದರಡಿಯ ಹೂಳುಗುಂಡಿಯಲ್ಲಿ ಕಟ್ಟಿಕೊಂಡಿದ್ದ ಜಾಲರಿಯನ್ನು ಬಿಡಿಸಬೇಕು. ಮೇಲಿನ ಬೀದಿಗಳಿಗೆ ಪಂಪಿನಿಂದ ನೀರು ಏರಿಸುವುದು ಆ ತೊಟ್ಟಿಯಿಂದಲೇ, ಹಿಂದಿನ ದಿನದಿಂದ ಅಲ್ಲಿಗೆ ನೀರಿರಲಿಲ್ಲ. ಕೆಲಸ ಮುಗಿದ ಕೂಡಲೇ ನನ್ನ ಪ್ರೋಗ್ರಾಂ ತೂಬು ತೆರೆದು ತೊಟ್ಟಿಗೆ ನೀರು ತುಂಬಿಸಬೇಕೆಂದು ಏರ್ಪಾಡು. ಓಬಳೇಶ ಒಬ್ಬನೇ ಹೋಗಿ ತೊಟ್ಟಿಮನೆಯ ಬಾಗಿಲು ತೆರೆದ, ಒಂದು ಗಂಟು. ಕೊಳೆ ಹೊರಹೋಗುವ ಕಿಂಡಿ ತೆರೆದ, ಇನ್ನೊಂದು ಗಂಟು. ಗುಂಡಿಯ ಮುಚ್ಚಳ ಎತ್ತಿಟ್ಟ, ಲಾಟೀನು ಹಚ್ಚಿ ಗುಂಡಿಯ ಬಾಯಿಯ ಮೇಲೆ ಕೊಕ್ಕೆಗೆ ತೂಗಿಬಿಟ್ಟು ಇಳಿದ. ಜಾಲರಿ ಅವನು ಎಣಿಸಿದ್ದಕ್ಕಿಂತ ಬೇಗ ಕಳಚಿಕೊಂಡು ಕಾಲಿನ ಮೇಲೆ ಕೂತಿತು. ಅವನ ಅಂಗೈಯಿಂದ ತೊಡಕು ಬಿತ್ತು, ಗೋಡೆ ಹತ್ತಿ ಮೇಲೆ ಹೋಯಿತು, ಹೊಸಿಲ ಕುಳಿಯಲ್ಲಿ ಕೂತು ಕಾಯಿತು.

ದಾನಮ್ಮ ತನ್ನ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೊಸಿಲ ಮೇಲೆ ಬೂದು ಉಂಡೆ ಕಂಡದ್ದೇ ಒದ್ದೆ ಕೈಯಲ್ಲೇ ಓಡಿಬಂದಳು. ಕೊನೆಯ ಗಂಟು ಲಾಟೀನಿನದು. ಬತ್ತಿ ಇಳಿಸಿ, ಕಾದ ಗಾಜನ್ನು ಒದ್ದೆ ಬೆರಳಲ್ಲಿ ಹಿಡಿದಳು. ಗಾಜು ಒಡೆಯಿತು, ಬೆರಳು ಕುಯ್ದಿತು, ಅವಳ ಜೀವಮಾನದ ಮೊದಲ ತೊಡಕು ಅಂಗೈಯಿಂದ ಉದುರಿತು. ತೊಡಕು ಬಿದ್ದವರು ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಅದರ ಹಿಂದೆ ಹೋಗಬೇಕೆಂಬುದು ಆ ಊರಿನ ನಡವಳಿಕೆ. ಮುಚ್ಚುವವರೇ ಎಡವಿದರೆ ಮುಚ್ಚಲು ಇನ್ನಾರೂ ಇಲ್ಲ. ಹಾಗಾಗಿ ಮುಚ್ಚಳ, ಕಿಂಡಿ, ಬಾಗಿಲು ಮೂರೂ ತೆರೆದೇ ಉಳಿದವು. ದಾನಮ್ಮ ಸೆರಗಿನಿಂದ ಬೆರಳು ಒತ್ತಿಕೊಂಡು, ತಲೆ ತಗ್ಗಿಸಿ, ತನ್ನ ತೊಡಕಿನ ಹಿಂದೆ ಗುಡ್ಡ ಹತ್ತತೊಡಗಿದಳು.

ಅದು ನನ್ನ ಕಿಟಕಿಯ ಮುಂದೆಯೇ ಹಾದುಹೋಯಿತು. ನಿಯಂತ್ರಣ ಕೊಠಡಿ ಗುಡ್ಡದ ನಡುವಿನಲ್ಲಿತ್ತು, ಪಕ್ಕದ ಕೋಣೆಯೇ ಕಲ್ಮೇಶಪ್ಪನವರದು. ಅವರ ಗೂಡಿನ ಹಲಗೆಯಲ್ಲಿ ‘ನೀರಿಗೆ ಸಂಬಂಧಿಸಿದ್ದು’ ಎಂದಿತ್ತು. ತೊಡಕು ಗೂಡಿನ ಬಾಯಿಯಲ್ಲಿ ಒಂದು ಕ್ಷಣ ನಿಂತಿತು. ಅವರು ಬಗ್ಗಿ ಕಿವಿಗೊಟ್ಟು, ಗಾಜು ತಮ್ಮ ಬಾಬತ್ತಲ್ಲವೆಂದು ದಾರಿ ಬಿಟ್ಟರು. ದೀಪದ ಗುತ್ತಿಗೆದಾರನ ಗೂಡು ‘ಬತ್ತಿ, ಎಣ್ಣೆ’ ಎರಡನ್ನು ಮಾತ್ರ ಹಿಡಿಯುತ್ತಿತ್ತು. ಹಾಗೆ ಬಾಗಿಲು ಬಾಗಿಲಿನ ಮುಂದೆ ದಾನಮ್ಮನ ಮಾನ ಹರಾಜಾಗುತ್ತಾ ತೊಡಕು ಕೊನೆಗೆ ವಿರೂಪಣ್ಣನವರ ಗೂಡಿಗೆ ಬಿತ್ತು.

ವಿರೂಪಣ್ಣನವರು ಅದನ್ನು ಹಿಡಿದ ರೀತಿಯನ್ನು ಜನ ಆಮೇಲೂ ಮೆಚ್ಚಿಕೊಂಡೇ ಹೇಳುತ್ತಿದ್ದರು. ಮೊದಲು ದಾನಮ್ಮನಿಗೆ ಕುರ್ಚಿ ಹಾಕಿಸಿದರು, ಬೆರಳಿಗೆ ಅರಿಸಿನ ಹಚ್ಚಿಸಿ ಬಟ್ಟೆ ಕಟ್ಟಿಸಿದರು. ಲಾಟೀನಿನ ನಂಬರು ತಿಳಿದು, ಅದೇ ಸುತ್ತಳತೆಯ ಗಾಜನ್ನು ಎರಡು ಅಂಗಡಿ ಹುಡುಕಿಸಿ ತರಿಸಿದರು. ಮೊದಲು ಬಂದದ್ದು ತುಸು ಸಡಿಲವೆಂದು ವಾಪಸು ಕಳಿಸಿದರು. ಇಷ್ಟು ವರ್ಷ ತಪ್ಪದವಳು ಒಮ್ಮೆ ತಪ್ಪಿದ್ದನ್ನು ಮುಚ್ಚಿಡದೆ ತಂದಳೆಂದು ನಾಲ್ಕು ಜನರ ಮುಂದೆ ಹೊಗಳಿದರು. ಹತ್ತಕ್ಕೆಲ್ಲ ಲಾಟೀನು ಆರಿಸುವ ಪ್ರಮೇಯವೇಕೆ ಬಂತೆಂದು ಯಾರೂ ಕೇಳಲಿಲ್ಲ. ಕಲ್ಮೇಶಪ್ಪನವರು ತಮ್ಮಷ್ಟಕ್ಕೆ ಲೆಕ್ಕ ಹಾಕಿಕೊಂಡಿದ್ದರು: ಓಬಳೇಶ ಚುರುಕು, ಕೆಲಸ ಬೇಗ ಮುಗಿಸಿ ಮನೆಗೆ ಹೋಗಿರುತ್ತಾನೆ, ಮುಚ್ಚುವಾಗ ಗಾಜು ಹೋಗಿದೆ.

ಪುರಸಭೆಯ ಕೋರಿಕೆಯಂತೆ ನಾನು ವಿರೂಪಣ್ಣನವರ ಮೇಜಿನ ಮೇಲೆ ಒತ್ತುವ ಹಸಿರು ಗುಂಡಿಯೊಂದನ್ನು ಕೂರಿಸಿಕೊಟ್ಟಿದ್ದೆ. ತೊಡಕು ಪರಿಹಾರವಾಯಿತೆಂದು ಅವರು ಅದನ್ನು ಒತ್ತಿದರೆ ಸುದ್ದಿ ನನ್ನ ಪ್ರೋಗ್ರಾಮಿಗೆ ಬರುತ್ತದೆ, ಪ್ರೋಗ್ರಾಂ ಆ ಕೆಲಸ ತೀರಿತೆಂದು ತಿಳಿದು ಮುಂದಿನದಕ್ಕೆ ಹೋಗುತ್ತದೆ. ಗುಂಡಿ ಅವರಿಗೆ ಬಹಳ ಹಿಡಿಸಿತ್ತು. ದಿನಾ ಬೆಳಗ್ಗೆ ಒರೆಸುತ್ತಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಹೊಸ ಗಾಜು ಲಾಟೀನಿನ ಮಾದರಿಗೆ ಸರಿಯಾಗಿ ಕೂತಿತು. ಅವರು ಗುಂಡಿ ಒತ್ತಿದರು. ನನ್ನ ಪರದೆಯ ಮೇಲೆ ‘ಕೆಳತೊಟ್ಟಿ: ಗಾಜು ಒಡೆದಿದೆ, ಪರಿಹಾರವಾಗಿದೆ’ ಎಂಬ ಸಾಲು ಮೂಡಿತು. ಅದರ ಕೆಳಗೆ ‘ತೂಬು ತೆರೆಯಲಾಗುತ್ತಿದೆ.’

ತೂಬಿನ ಕೆಲಸವನ್ನೂ ಆ ದಿನ ಮುಚ್ಚಬೇಕಾದವಳು ದಾನಮ್ಮನೇ. ಬಟ್ಟೆ ಕಟ್ಟಿದ ಬೆರಳನ್ನು ಧ್ವಜದಂತೆ ಎತ್ತಿ ಹಿಡಿದುಕೊಂಡು ಬಂದು ನಿಯಂತ್ರಣ ಕೊಠಡಿಯ ಬಾಗಿಲ ಬಳಿ ಕೂತಳು. ಚಹಾ ಕೊಟ್ಟೆ. ಅವಳಿಗೆ ಹೊಗಳಿಕೆಯೇ ಹೆಚ್ಚು ಉರಿಯುತ್ತಿತ್ತು. ಕುರ್ಚಿ ಹಾಕಿ ಕೂರಿಸಿ ಅವಮಾನ ಮಾಡಿದರು ಎಂದಳು. ಪಾತ್ರೆ ತಿಕ್ಕುತ್ತಿದ್ದವಳು ಕೈ ಒರೆಸಿಕೊಂಡು ಹೋಗಬೇಕಿತ್ತು, ಹೊಸಿಲ ಮೇಲೆ ಕಂಡ ತಕ್ಷಣ ಓಡಿದ್ದೇ ತಪ್ಪಾಯಿತು ಎಂದಳು.

ಹೊಸಿಲ ಮೇಲೆ ಏನು ಕಂಡಿತೆಂದು ಕೇಳಿದೆ.

“ಇನ್ನೇನಿರುತ್ತೆ. ತೊಡಕು.”

“ನಿಮ್ಮದಾ?”

“ನಂದು ಆಮೇಲಿಂದು. ನಾ ಹೋದಾಗ್ಲೇ ಒಂದು ಕೂತಿತ್ತು, ಬಿಸಿಬಿಸಿ. ಹತ್ರ ಹೋದ್ರೆ ಕಾಲಿಗೆ ಶಾಖ ಬಡೀತಿತ್ತು.”

“ಅದೆಲ್ಲಿ ಹೋಯ್ತು?”

ದಾನಮ್ಮ ಲೋಟ ತಿರುಗಿಸುತ್ತಾ ಯೋಚಿಸಿದಳು. “ನಂದು ಬಂದು ಕುಳೀಲಿ ಕೂತ್ಕೊಂತು. ಆಮೇಲೆ ಅದು ಕಾಣ್ಲಿಲ್ಲ. ಉರುಳ್ಕೊಂಡು ಹೋಗಿರುತ್ತೆ ಬಿಡಿ.”

ಮುಚ್ಚಿ ಮುಗಿಸದೆ ಯಾವ ತೊಡಕೂ ಹೊಸಿಲು ಬಿಡುವುದಿಲ್ಲ. ಅವಳು ಮುಚ್ಚಿ ಮುಗಿಸಿರಲಿಲ್ಲ. ತನ್ನ ಮಾತು ಮುಗಿಯುತ್ತಿದ್ದಂತೆಯೇ ಅವಳಿಗೂ ಅದು ಹೊಳೆಯಿತೆಂದು ಕಾಣುತ್ತದೆ, ಲೋಟ ನೆಲಕ್ಕಿಟ್ಟಳು. ನನಗೆ ಹೊಳೆದದ್ದು ಬೇರೆ ದಾರಿಯಿಂದ. ಹಿಂದಿನ ವಾರ ನನ್ನ ಪ್ರೋಗ್ರಾಮಿನಲ್ಲಿ ಒಂದು ಕಡತ ಓದುವಾಗ ಏನೋ ಕೆಟ್ಟು ಎಕ್ಸೆಪ್ಶನ್ ಎದ್ದಿತ್ತು. ಅದು ಮೇಲಕ್ಕೆ ಹೊರಡುವ ಮುಂಚೆ ಫೈನಲಿ ಭಾಗ ಕಡತ ಮುಚ್ಚಲು ಹೋಗಿ, ಮುಚ್ಚುವುದೂ ಕೆಟ್ಟು, ಎರಡನೆಯದೊಂದು ಎದ್ದಿತು. ಮೇಲೆ ಬಂದದ್ದು ಎರಡನೆಯದು ಮಾತ್ರ. ಮೊದಲನೆಯದು ಎಲ್ಲೂ ಇರಲಿಲ್ಲ. ಕಡತ ಏಕೆ ಮುಚ್ಚುತ್ತಿಲ್ಲವೆಂದು ನಾನು ಒಂದಿಡೀ ಮಧ್ಯಾಹ್ನ ಹುಡುಕಿದ್ದೆ. ನಿಜವಾದ ರೋಗ ಮುಚ್ಚುವುದರಲ್ಲಿರಲೇ ಇಲ್ಲ. ಆ ಹೊಸಿಲ ಕುಳಿಯನ್ನು ಒಂದೇ ತೊಡಕಿನ ಅಳತೆಗೆ ಕೊರೆದಿದ್ದರು. ಮುಚ್ಚುವವರು ತಪ್ಪದ ಊರಿನಲ್ಲಿ ಎರಡರ ಜಾಗ ಯಾರಿಗೆ ಬೇಕಿತ್ತು?

ಪರದೆಯ ಮೇಲೆ ತೂಬು ಅರ್ಧ ತೆರೆದಿತ್ತು. ನಾನು ಪಕ್ಕದ ಕೋಣೆಗೆ ಓಡಿ, ಓಬಳೇಶ ಇನ್ನೂ ಹೂಳುಗುಂಡಿಯಲ್ಲಿರಬಹುದು, ನೀರು ನಿಲ್ಲಿಸಬೇಕು ಎಂದೆ. ಕಲ್ಮೇಶಪ್ಪನವರು ಕೆಟ್ಟವರಲ್ಲ. ಬಾಗಿಲಿಗೆ ಬಂದು ತಮ್ಮ ಗೂಡಿನೊಳಗೆ ಕೈಯಾಡಿಸಿದರು, ಕಾಲುವೆಯುದ್ದಕ್ಕೂ ಕಣ್ಣು ಹಾಯಿಸಿದರು.

“ತೊಡಕೆಲ್ಲಿದೆ ಮೇಡಂ?”

ಕಳೆದುಹೋಗಿದೆ ಎಂದೆ. ತೊಡಕು ಕಳೆದುಹೋಗುವುದಿಲ್ಲವೆಂದು ಅವರು ಮಕ್ಕಳಿಗೆ ಹೇಳುವಷ್ಟು ಸಮಾಧಾನದಿಂದ ಹೇಳಿದರು. ತೊಡಕಿಲ್ಲದೆ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿದರೆ ಅದಕ್ಕೆ ಯಾರು ಹೊಣೆ, ಮೇಲಿನ ಬೀದಿಯ ಹೆಂಗಸರು ಕೊಡ ಹಿಡಿದು ನಿಂತಿದ್ದಾರೆ, ಓಬಳೇಶನ ಮನೆಗೆ ಬೇಕಾದರೆ ಆಳು ಕಳಿಸಿ ವಿಚಾರಿಸುತ್ತೇನೆ ಎಂದರು. ಪ್ರೋಗ್ರಾಮಿನಲ್ಲಿ ನಿಲ್ಲಿಸುವ ಗುಂಡಿ ಇರಲಿಲ್ಲ. ಇಡುತ್ತೇನೆಂದಾಗ ಬೇಡವೆಂದವರು ಅವರೇ; ಇದ್ದರೆ ಒತ್ತುವ ಮನಸ್ಸಾಗುತ್ತದಂತೆ.

ದಾನಮ್ಮನಿಗೆ, ಹೋಗಿ ತೂಬಿನ ಚಕ್ರ ತಿರುಗಿಸಿ ಮುಚ್ಚಿಬಿಡು ಎಂದೆ. ಅವಳು ಎದ್ದು ನಿಂತಳು, ಆದರೆ ಹೊಸಿಲು ದಾಟಲಿಲ್ಲ. “ನಡೀತಿರೋ ಕೆಲ್ಸ ಮುಚ್ಚೋಕೆ ನಾನ್ಯಾರು ಮೇಡಮ್ಮ? ನನ್ ಕೈ ಬರಲ್ಲ. ಅದು ಮುಗೀಬೇಕು.” ಆಮೇಲೆ ನನ್ನ ಕಣ್ಣನ್ನೇ ನೋಡುತ್ತಾ, ತಗ್ಗಿದ ದನಿಯಲ್ಲಿ, “ಇಲ್ಲಾ ಕೆಡಬೇಕು” ಎಂದಳು.

ನಾನು ಮೇಜಿನ ಹಿಂದೆ ಬಗ್ಗಿ ತೂಬಿನ ಮೋಟಾರಿಗೆ ಹೋಗುವ ತಂತಿಗಳನ್ನು ಹಿಡಿಯಷ್ಟು ಸೇರಿಸಿ ಕಿತ್ತೆ. ಕಿಡಿ ಹಾರಿತು, ಪರದೆ ಕಪ್ಪಾಯಿತು. ಅಂಗೈಯಲ್ಲಿ ಏನೋ ಬೆಚ್ಚಗಾಯಿತು. ಬೇಲದ ಕಾಯಿಯಷ್ಟು ಗಾತ್ರದ, ಬೂದು ಬಣ್ಣದ ತೊಡಕೊಂದು ನನ್ನ ಕೈಯಿಂದ ಉದುರಿ, ನೆಲದ ಮೇಲೆ ಉರುಳಿ, ಹೊಸಿಲ ಕುಳಿಯಲ್ಲಿ ಹೋಗಿ ಕೂತಿತು. ಪರವೂರಿನವರಿಗೆ ಅದು ಬೀಳುವುದಿಲ್ಲವೆಂದು ಎಲ್ಲರೂ ಹೇಳಿದ್ದರು. ಸಮಯವಲ್ಲದ ಸಮಯದಲ್ಲಿ ನನಗೆ ನಾಚಿಕೆಯಾಗುವಷ್ಟು ಹೆಮ್ಮೆಯಾಯಿತು.

ದಾನಮ್ಮ ಅದನ್ನು ನೋಡಿದಳು, ಸೆರಗಿಗೆ ಎರಡೂ ಕೈ ಚೆನ್ನಾಗಿ ಒರೆಸಿಕೊಂಡಳು, ದಾರ ಕಿತ್ತುಕೊಂಡು ಓಡಿದಳು. ಕಲ್ಮೇಶಪ್ಪನವರು ಹೊಸಿಲಾಚೆ ನಿಂತು, ತೊಡಕು ಕಾಲುವೆಗಿಳಿದು ತಮ್ಮ ಗೂಡಿಗೆ ಬರಲೆಂದು ಕಾಯುತ್ತಿದ್ದರು. ಬರುವ ಮುಂಚೆ ಕಿವಿಗೊಡುವುದು ಅವರ ಸ್ವಭಾವವಲ್ಲ. ನಾನು ಅವರನ್ನು ತಳ್ಳಿಕೊಂಡೇ ಇಳಿದೆ.

ನಾನು ತಲುಪುವಷ್ಟರಲ್ಲಿ ಅವಳು ತೊಟ್ಟಿಮನೆಯ ಹೊರಗಿನ ತೂಬಿನ ಚಕ್ರಕ್ಕೆ ಮೈಭಾರ ಹಾಕಿ ತಿರುಗಿಸುತ್ತಿದ್ದಳು, ಬೆರಳಿನ ಬಟ್ಟೆ ಕೆಂಪಾಗಿತ್ತು. ನೆರವಿಗೆ ಕೈ ಹಾಕಿದರೆ ಮೊಣಕೈಯಿಂದ ದೂಡಿದಳು. “ಮುಚ್ಚೋದು ನಂದು. ನೀವು ಕೇಳೋರು, ಹೋಗಿ ಕೇಳಿ.” ತೊಟ್ಟಿಮನೆಯೊಳಗೆ ನೀರಿನ ಸದ್ದು ತುಂಬಿತ್ತು. ತೆರೆದ ಮುಚ್ಚಳದ ಬಳಿ ಮಂಡಿಯೂರಿ ಓಬಳೇಶನ ಹೆಸರು ಕೂಗಿದೆ. ಮತ್ತೆ ಕೂಗಿದೆ, ಗಂಟಲು ಹರಿಯುವಂತೆ. ತೂಬು ಪೂರ್ತಿ ಮುಚ್ಚಿ ನೀರಿನ ಸದ್ದು ನಿಂತಿತು. ಆ ಮೌನದಲ್ಲೂ ಉತ್ತರವಿಲ್ಲ. ಬರಲು ತಡವಾಯಿತೆಂದುಕೊಂಡೆ.

ದಾನಮ್ಮ ದಾರದ ಗಂಟು ಬಿಚ್ಚುತ್ತಾ ಒಳಗೆ ಬಂದಳು. ನನ್ನನ್ನು ನೋಡಿದಳು, ಗುಂಡಿಯ ಕತ್ತಲನ್ನು ನೋಡಿದಳು. ಅವಳ ಬಾಯಿ ಎರಡು ಸಲ ತೆರೆದು ಮುಚ್ಚಿತು. ಆಮೇಲೆ ಗುಂಡಿಯ ಅಂಚಿಗೆ ಬಗ್ಗಿ, ಮುಚ್ಚುವವರು ಯಾರೂ ಆಡದ ಮಾತನ್ನು ಆಡಿದಳು.

“ಲೇ ಓಬಳೇಶ, ನಿನ್ ತೊಡಕು ಮೇಲೆ ಹೋಗೇ ಇಲ್ಲ ಕಣೋ.”

ಕೆಳಗಿಂದ, ಬಹಳ ಸಣ್ಣ ದನಿಯಲ್ಲಿ, “ಹೋಗಿಲ್ವಾ ಅತ್ತೆ?” ಎಂದು ಕೇಳಿಸಿತು. ಒಂದು ಕ್ಷಣ ಬಿಟ್ಟು ಅವನು ಕಿರುಚತೊಡಗಿದ. ಅಷ್ಟು ಹೊತ್ತು ಒಳಗಿಟ್ಟುಕೊಂಡಿದ್ದ ಆ ಕೂಗನ್ನು ಕೇಳಿ ಕೆಳಬೀದಿಯ ಗಂಡಸರು ಹಾರೆ ಸಮೇತ ಬಂದರು. ಕಲ್ಮೇಶಪ್ಪನವರೂ ಬಂದರು, ಚಪ್ಪಲಿ ಹಾಕಿಕೊಂಡೇ ಗುಂಡಿಗಿಳಿದು ಜಾಲರಿಗೆ ಹೆಗಲು ಕೊಟ್ಟರು.

ತನ್ನ ತೊಡಕು ಹೊರಟ ಮೇಲೆ ಬಾಯಿ ಬಿಡುವುದು ಆ ಊರಿನಲ್ಲಿ ಅಸಭ್ಯ. ಮೇಲಿನವರ ಮೇಲೆ 
ನಂಬಿಕೆ ಇಲ್ಲವೆಂದಂತೆ. ಓಬಳೇಶ ಆಮೇಲೆ ಇದನ್ನು ಯಾವ ಸಿಟ್ಟೂ ಇಲ್ಲದೆ ವಿವರಿಸಿದ. ಅತ್ತೆ ಬಂದಿದ್ದು ಗೊತ್ತಾಯಿತು, ಗಾಜು ಒಡೆದದ್ದೂ ಕೇಳಿಸಿತು, ತನ್ನದು ಮೇಲೆ ಹೋಗಿದೆ, ಇನ್ನೇನು ಜನ ಬರುತ್ತಾರೆಂದು ಕೂತ. ಬರಲಿಲ್ಲ, ನೀರು ಬಂತು. “ಅದೂ ಯಾವುದೋ ಪರಿಹಾರ ಇರ್ಬೇಕು ಅಂದ್ಕೊಂಡೆ ಮೇಡಂ. ಜಾಲರಿ ತೇಲ್ಸೋಕೆ ಬಿಟ್ಟಿದಾರೇನೋ ಅಂತ.”

ಮುಂದಿನ ವಾರ ಪುರಸಭೆ ಸಭೆ ಸೇರಿತು. ಮುಚ್ಚುವವರು ಇನ್ನು ಮುಂದೆ ತಪ್ಪಬಾರದೆಂದು ಒಬ್ಬರು ಠರಾವು ತಂದರು. ಅದು ಅವಿರೋಧವಾಗಿ ಅಂಗೀಕಾರವಾಯಿತು. ವಿರೂಪಣ್ಣನವರು ತಮಗೆ ಬಂದದ್ದು ಒಂದೇ, ಬಂದದ್ದನ್ನು ಲೋಪವಿಲ್ಲದೆ ಪರಿಹರಿಸಿದ್ದೇನೆ ಎಂದರು. ಅದು ನಿಜವೂ ಆಗಿತ್ತು. ಕಲ್ಮೇಶಪ್ಪನವರು ದಾನಮ್ಮನಿಗೆ ಸಮಾಧಾನ ಹೇಳಲೆಂದು ಎದ್ದು ನಿಂತು, ಆ ದಿನ ಅವಳು ಎಂದಿನಂತೆ ತಪ್ಪಿಲ್ಲದೆ ಎಲ್ಲವನ್ನೂ ಮುಚ್ಚಿದ್ದರೆ ಕೊಳೆಕಿಂಡಿಯೂ ಮುಚ್ಚಿರುತ್ತಿತ್ತು, ಆಗ ನೀರು ಅರ್ಧ ಹೊತ್ತಿನಲ್ಲೇ ಗುಂಡಿ ತುಂಬುತ್ತಿತ್ತು, ಅರ್ಧಕ್ಕೆ ಬಿಟ್ಟು ಹೋದದ್ದರಿಂದಲೇ ಒಂದು ಜೀವ ಉಳಿಯಿತು ಎಂದರು. ಜನ ಚಪ್ಪಾಳೆ ತಟ್ಟಿದರು. ದಾನಮ್ಮ ತಲೆಯೆತ್ತಲಿಲ್ಲ. ಕೊನೆಗೆ ಎಲ್ಲ ಹೊಸಿಲುಗಳಲ್ಲೂ ಕುಳಿಯ ಹಿಂದೆ ಇನ್ನೊಂದು ಕುಳಿ ಕೊರೆಸುವುದೆಂದಾಯಿತು: ಮುಚ್ಚುವಾಗ ಬಿದ್ದದ್ದು ಹಿಂದೆ ಕೂರಬೇಕು, ಮೊದಲಿನದರ ಬೆನ್ನು ಹಿಡಿದು ಹೋಗಬೇಕು, ಅದನ್ನು ದಬ್ಬಬಾರದು. ನಾನೂ ಪ್ರೋಗ್ರಾಮಿನಲ್ಲಿ ಎರಡನೆಯ ಎಕ್ಸೆಪ್ಶನ್ನನ್ನು ಮೊದಲನೆಯದಕ್ಕೆ ಕಟ್ಟಿ ಕಳಿಸುವಂತೆ ತಿದ್ದಿದೆ. ನಿಲ್ಲಿಸುವ ಗುಂಡಿಯ ವಿಷಯ ಮುಂದಿನ ಸಭೆಗೆ ಹೋಯಿತು.

ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಓಬಳೇಶನನ್ನು ಎತ್ತಿ ತಂದು ತೊಟ್ಟಿಮನೆಯ ಜಗಲಿಯ ಮೇಲೆ ಮಲಗಿಸಿದಾಗ ಅವನ ಹೆಂಡತಿ ತಿಮ್ಮಕ್ಕ ಬಂದಳು. ಅವಳು ಅಳಲಿಲ್ಲ. ಗಂಡನ ಕಾಲು ನೋಡಿದಳು, ಎಲುಬು ಕಟ್ಟುವವರಿಗೆ ಹೇಳಿಕಳಿಸಿದ್ದಾರೆಯೇ ಎಂದು ಕೇಳಿದಳು. ಆಮೇಲೆ, ಓಡೋಡಿ ಇಳಿದುಬಂದಿದ್ದ ವಿರೂಪಣ್ಣನವರ ಕಡೆ ತಿರುಗಿದಳು.

“ನನ್ ಗಂಡಂದೆಲ್ಲಿ?”

ಅವರು ಜೇಬಿನಿಂದ ಒಂದು ತೊಡಕು ತೆಗೆದರು, ತಣ್ಣಗಾಗಿದ್ದು. ಅವಳು ಕಿವಿಗೆ ಹಿಡಿದಳು. ಒಳಗೆ ಗಾಜು ಒಡೆಯುವ ಸದ್ದು ಕೇಳಿಸಿರಬೇಕು. ಹಿಂದಿರುಗಿಸಿದಳು.

“ಇದಲ್ಲ. ಅವರ ಕೈಯಿಂದ ಬಿತ್ತಲ್ಲ, ಅದು ಬೇಕು. ಏನಂದಿದ್ರು ಅದ್ರೊಳಗೆ ಅಂತ ನಾ ಕೇಳ್ಬೇಕು.”

ಓಬಳೇಶ ತಾನೇ ಹೇಳುತ್ತೇನೆಂದು ಬಾಯಿ ತೆರೆದ. ಆದರೆ ತೊಡಕಿಗೆ ಹೋದ ಮಾತು ಆಡಿದವನಲ್ಲಿ ಉಳಿಯುವುದಿಲ್ಲ. ಹುಡುಕಿದರೂ ಅವನಿಗೆ ಅದು ಸಿಗಲಿಲ್ಲ. ದಾನಮ್ಮ ಒಂದು ಚೊಂಬು ಬಿಸಿನೀರು ತಂದು, ಅವನ ಮೈಗೆ ಮೆತ್ತಿದ್ದ ಹೂಳನ್ನು ತೊಳೆಯಲು ಬಗ್ಗಿದಳು. ತಿಮ್ಮಕ್ಕ ಅವಳ ಕೈ ಹಿಡಿದಳು. ಗಂಡನ ಕೊರಳ ಸುತ್ತ, ಗಲ್ಲದ ಕೆಳಗೆ, ನೀರು ಏರಿ ನಿಂತ ಮಟ್ಟಕ್ಕೆ ಹೂಳಿನ ಗೆರೆಯೊಂದು ದಾರ ಕಟ್ಟಿದಂತೆ ಸ್ಪಷ್ಟವಾಗಿತ್ತು.

“ತೊಳೀಬೇಡಿ ಅತ್ತೆ. ಅದನ್ನಂತೂ ಕಳ್ಕೊಂಡ್ರಿ. ಇದನ್ನಾದ್ರೂ ಅಳತೆ ಮಾಡ್ಲಿ, ಆಮೇಲೆ ತೊಳೀರಿ.”

ಅಳೆಯುವ ಪಟ್ಟಿ ಇದ್ದದ್ದು ನನ್ನ ಬಳಿ. ಗುಂಡಿಯಲ್ಲಿ ಕೂತಿದ್ದಂತೆಯೇ ಅವನನ್ನು ಗೋಡೆಗೊರಗಿಸಿ ಕೂರಿಸಿದರು. ತಿಮ್ಮಕ್ಕ ಅವನ ಗಲ್ಲವನ್ನು ನೆಟ್ಟಗೆ ಹಿಡಿದಳು. ಕಲ್ಮೇಶಪ್ಪನವರು ಬಗ್ಗಿ ನೋಡಿದರು, ವಿರೂಪಣ್ಣನವರು ಬೇರೆ ಕಡೆ ನೋಡಿದರು. ಗೆರೆಯಿಂದ ಕೆಳತುಟಿಗೆ ಆರು ಸೆಂಟಿಮೀಟರ್.